ಎಳೆಯುವ ಶಕ್ತಿಗಿಂತ ನಿಲ್ಲಿಸುವ ಶಕ್ತಿ ಮುಖ್ಯ

(ಖಾನಾಪುರದಲ್ಲಿ ನಡೆದ ಹಾಲು ಉತ್ಪಾದಕ ಸದಸ್ಯರ ತರಬೇತಿ ಸಭೆಯಲ್ಲಿ, ಟ್ರ್ಯಾಕ್ಟರ್ ದುರಸ್ತಿಯಲ್ಲಿ ಬಹುಕಾಲದ ಅನುಭವವುಳ್ಳ ಸದಸ್ಯರೊಬ್ಬರು ಮಾಡಿದ ಭಾಷಣ. ಸದಸ್ಯರ ಉಪಯೋಗಕ್ಕಾಗಿ ಇಲ್ಲಿ ಕೊಡಲಾಗಿದೆ.)



ಈ ವೇದಿಕೆಯ ಮೇಲೆ ನಿಂತವರು ಸಾಮಾನ್ಯವಾಗಿ ಕೆಚ್ಚಲು ಬಾವಿನ ಬಗ್ಗೆ, ಖನಿಜ ಮಿಶ್ರಣದ ಬಗ್ಗೆ, ಹಸಿರು ಮೇವಿನ ಬಗ್ಗೆ ಮಾತನಾಡುತ್ತಾರೆ. ನಾನು ದನದ ಡಾಕ್ಟರನಲ್ಲ. ಎರಡು ಎಮ್ಮೆ, ಮೂರು ಆಕಳು ಕಟ್ಟಿಕೊಂಡು ಸಂಘಕ್ಕೆ ಹಾಲು ಹಾಕುವ ಒಬ್ಬ ಸದಸ್ಯ. ಉಳಿದ ಹೊತ್ತಿನಲ್ಲಿ ಟ್ರ್ಯಾಕ್ಟರ್ ಬಿಚ್ಚಿ ಜೋಡಿಸುವವನು. ಆದ್ದರಿಂದ ಇವತ್ತು ನಾನು ಮಾತನಾಡುವುದು ಕಬ್ಬಿಣದ ಬಗ್ಗೆ.

ನಮ್ಮ ತಂದೆಯ ಕಾಲದಲ್ಲಿ ಹೈನುಗಾರಿಕೆಗೆ ಬೇಕಾದ ಸಾಮಾನು ಎಂದರೆ ಒಂದು ಹಗ್ಗ, ಒಂದು ತಂಬಿಗೆ, ಒಂದು ಕುಡುಗೋಲು. ಈಗ ಹಾಗಿಲ್ಲ. ಮೇವು ಕತ್ತರಿಸುವ ಯಂತ್ರ ಬಂದಿದೆ. ಹಾಲು ಕರೆಯುವ ಯಂತ್ರ ಬಂದಿದೆ. ಹಲವು ಸಂಘಗಳಲ್ಲಿ ಹಾಲು ತಂಪು ಮಾಡುವ ದೊಡ್ಡ ತೊಟ್ಟಿ, ಅಂದರೆ ಬಲ್ಕ್ ಕೂಲರ್ ಬಂದಿದೆ. ಅದರಲ್ಲಿ ಹಾಲನ್ನು 4 ಡಿಗ್ರಿಗೆ ಇಳಿಸಿ ಇಡಬೇಕು. ನಮ್ಮ ಖಾನಾಪುರ ತಾಲೂಕಿನ ಮಳೆ ನಿಮಗೆಲ್ಲ ಗೊತ್ತೇ ಇದೆ. ಕಣಕುಂಬಿ, ಜಾಂಬೋಟಿ ಕಡೆ ಒಂದು ಮರ ಬಿದ್ದರೆ ಕರೆಂಟು ಯಾವಾಗ ಬಂದೀತೆಂದು ಹೇಳಲಾಗದು. ಆಗ ತೊಟ್ಟಿಯ ಹಾಲು ಕೆಡಬಾರದೆಂದರೆ ಡೀಸೆಲ್ ಜನರೇಟರ್ ಬೇಕೇ ಬೇಕು.

ಈ ಯಂತ್ರಗಳನ್ನು ಕೊಳ್ಳಲು, ದುರಸ್ತಿಗೆ ಒಯ್ಯಲು ನಾವು ಹೋಗುವುದು ಬೆಳಗಾವಿಗೆ. ಉದ್ಯಮಬಾಗದಲ್ಲಿ ಎರಕದ ಕಾರ್ಖಾನೆಗಳಿವೆ, ಲೇತ್ ಅಂಗಡಿಗಳಿವೆ, ಕುಶಲ ಕೆಲಸಗಾರರಿದ್ದಾರೆ. ಯಂತ್ರ ಸಿದ್ಧವಾದ ಮೇಲೆ ಅದು ಊರಿಗೆ ಹೇಗೆ ಬರುತ್ತದೆ? ಲಾರಿ ಬಾಡಿಗೆ ಯಾಕೆ ದಂಡ ಎಂದುಕೊಂಡು, ಯಾರದೋ ಟ್ರ್ಯಾಕ್ಟರ್, ಯಾರದೋ ಜೀಪು, ಅದರ ಹಿಂದೆ ಒಂದು ಟ್ರೇಲರ್. ನಾನು ಹೇಳಬೇಕಾದದ್ದು ಆ ಬೆಳಗಾವಿ–ಖಾನಾಪುರ ನಡುವಿನ ಸುಮಾರು 25 ಕಿಲೋಮೀಟರಿನ ಬಗ್ಗೆ, ಮತ್ತು ಅಲ್ಲಿಂದ ನಮ್ಮ ನಮ್ಮ ಹಳ್ಳಿಗಳ ಇಳುಕಲು ರಸ್ತೆಗಳ ಬಗ್ಗೆ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. 1994ರ ಮಳೆಗಾಲ. ಬೆಳಗಾವಿಯಿಂದ ಮೇವು ಕತ್ತರಿಸುವ ಯಂತ್ರ ತರುತ್ತಿದ್ದೆವು. ಸುಮಾರು ಎರಡು ಕ್ವಿಂಟಲಿನ ಯಂತ್ರ. ಅದರ ದೊಡ್ಡ ಗಾಲಿ ಮೇಲೆ, ಕಾಲು ಕಿರಿದು. ಟ್ರ್ಯಾಕ್ಟರ್ ನಡೆಸುತ್ತಿದ್ದವನು ನಾನು. ಒಂದೇ ಹಗ್ಗದಲ್ಲಿ ಯಂತ್ರವನ್ನು ಕಟ್ಟಿ, "ಅಲುಗಾಡದಂತೆ ಹಿಡಿದುಕೊಂಡು ಕೂಡು" ಎಂದು ನನ್ನ ತಮ್ಮನನ್ನು ಟ್ರೇಲರಿನಲ್ಲಿ ಕೂಡಿಸಿದೆ. ವೇಗವೇನೂ ಇರಲಿಲ್ಲ. ಒಂದು ಎಮ್ಮೆ ಅಡ್ಡ ಬಂತು, ಬ್ರೇಕ್ ಒತ್ತಿದೆ. ಹಸಿ ಹಗ್ಗ ಜಾರಿತು. ಯಂತ್ರ ಮುಂದಕ್ಕೆ ಉರುಳಿ ಅವನ ಮೊಣಕಾಲಿನ ಮೇಲೆ ಬಿತ್ತು. ಜೀವ ಉಳಿಯಿತು. ಆದರೆ ಆ ಕಾಲು ಮಡಚಲು ಬರುವುದಿಲ್ಲ. ಕಾಲು ಮಡಚಲು ಬಾರದವನು ಎಮ್ಮೆಯ ಕೆಳಗೆ ಕೂತು ಹಾಲು ಕರೆಯಲಾರ. ಹೈನುಗಾರಿಕೆಗೆಂದು ತಂದ ಯಂತ್ರ ಹಾಲು ಕರೆಯುವವನನ್ನೇ ಮನೆಯಲ್ಲಿ ಕೂಡಿಸಿತು. ತಪ್ಪು ಯಂತ್ರದ್ದಲ್ಲ, ಎಮ್ಮೆಯದೂ ಅಲ್ಲ. ನನ್ನದು.

ಆಮೇಲೆ ನಾನು ಕಲಿತದ್ದನ್ನೆಲ್ಲ ಒಂದೇ ಮಾತಿನಲ್ಲಿ ಹೇಳಬಹುದು. "ನನ್ನ ಗಾಡಿ ಇದನ್ನು ಎಳೆದೀತೇ" ಎಂದು ಕೇಳಬೇಡಿ. "ನನ್ನ ಗಾಡಿ ಇದನ್ನು ನಿಲ್ಲಿಸೀತೇ" ಎಂದು ಕೇಳಿ. ಉಳಿದ ಎಲ್ಲ ಮಾತೂ ಇದರ ವಿವರಣೆ.

1. ಮೊದಲು ತೂಕ ತಿಳಿಯಿರಿ

ಕಣ್ಣಳತೆಯಲ್ಲಿ ತೂಕ ಹೇಳಬೇಡಿ. ಜನರೇಟರ್, ಮೋಟಾರು, ಕೂಲರ್ ಇವುಗಳಿಗೆಲ್ಲ ಒಂದು ತಗಡಿನ ಪಟ್ಟಿ ಇರುತ್ತದೆ ಅಥವಾ ಜೊತೆಗೆ ಪುಸ್ತಕ ಬರುತ್ತದೆ. ಅದರಲ್ಲಿ ತೂಕ ಬರೆದಿರುತ್ತದೆ. ಇಲ್ಲದಿದ್ದರೆ ಮಾರಿದವರನ್ನು ಕೇಳಿ ಬರೆಸಿಕೊಳ್ಳಿ. ಹಳೆಯ ಯಂತ್ರವಾದರೆ ತೂಕದ ಕಾಟಾದ ಮೇಲೆ ಹತ್ತಿಸಿ. ಕಬ್ಬು ಬೆಳೆಯುವ ನಮ್ಮ ಜಿಲ್ಲೆಯಲ್ಲಿ ಕಾಟಾಕ್ಕೇನೂ ಕೊರತೆಯಿಲ್ಲ.

ದ್ರವದ ತೂಕವನ್ನು ನಾವು ಮರೆಯುತ್ತೇವೆ. ಒಂದು ಲೀಟರ್ ಹಾಲು ಸುಮಾರು 1.03 ಕಿಲೋ. 40 ಲೀಟರಿನ ಒಂದು ಕ್ಯಾನಿನಲ್ಲಿ ಹಾಲೇ 41 ಕಿಲೋ, ಕ್ಯಾನಿನ ತೂಕ ಬೇರೆ. ಅಂಥ 20 ಕ್ಯಾನು ಇಟ್ಟರೆ ಎಂಟು ಕ್ವಿಂಟಲ್ ದಾಟಿತು. 1,000 ಲೀಟರಿನ ನೀರಿನ ಟ್ಯಾಂಕು ತುಂಬಿದರೆ ಬರೋಬ್ಬರಿ ಒಂದು ಟನ್. ಆದ್ದರಿಂದ ಕೂಲರ್, ಟ್ಯಾಂಕು, ಜನರೇಟರಿನ ಡೀಸೆಲ್ ಟಾಕಿ, ಎಲ್ಲವನ್ನೂ ಖಾಲಿ ಮಾಡಿಯೇ ಸಾಗಿಸಬೇಕು. ಅರ್ಧ ತುಂಬಿದ ಟ್ಯಾಂಕು ಪೂರ್ತಿ ತುಂಬಿದ್ದಕ್ಕಿಂತ ಹೆಚ್ಚು ಮೋಸ ಮಾಡುತ್ತದೆ. ತಿರುವಿನಲ್ಲಿ ಒಳಗಿನ ನೀರು ಒಂದು ಬದಿಗೆ ಓಡಿ ಟ್ರೇಲರನ್ನು ಉರುಳಿಸುತ್ತದೆ.

ಯಂತ್ರದ ತೂಕಕ್ಕೆ ಟ್ರೇಲರಿನ ಸ್ವಂತ ತೂಕವನ್ನೂ ಕೂಡಿಸಿ. ಗಾಡಿ ಎಳೆಯುವುದು, ನಿಲ್ಲಿಸುವುದು ಎರಡನ್ನೂ ಸೇರಿಸಿಯೇ.

2. ಎಳೆಯುವುದು ಬೇರೆ, ನಿಲ್ಲಿಸುವುದು ಬೇರೆ

ಟ್ರ್ಯಾಕ್ಟರ್ ಎಂದ ಕೂಡಲೆ ನಾವು ಎಷ್ಟು ಎಚ್.ಪಿ. ಎಂದು ಕೇಳುತ್ತೇವೆ. ಎಚ್.ಪಿ. ಎಳೆಯಲು ಬೇಕು. ನಿಲ್ಲಿಸಲು ಬೇಕಾದದ್ದು ಬ್ರೇಕು, ಗಾಡಿಯ ಸ್ವಂತ ತೂಕ ಮತ್ತು ನೆಲದ ಮೇಲಿನ ಟೈರಿನ ಹಿಡಿತ. ನಮ್ಮ ಊರುಗಳಲ್ಲಿ ಓಡಾಡುವ ಎಷ್ಟೋ ಟ್ರೇಲರುಗಳಿಗೆ ಬ್ರೇಕೇ ಇಲ್ಲ. ಅಂದರೆ ಮುಂದಿನ ಗಾಡಿಯ ಬ್ರೇಕು ಎರಡರ ಭಾರವನ್ನೂ ತಡೆಯಬೇಕು.

ಒಂದು ಸರಳ ಲೆಕ್ಕ ನೋಡಿ. ಬರೀ ಟ್ರ್ಯಾಕ್ಟರ್ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಬರುತ್ತಿದೆ. ಬ್ರೇಕ್ ಒತ್ತಿದ ಮೇಲೆ ಸುಮಾರು 5 ಮೀಟರಿನಲ್ಲಿ ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. ಅದಕ್ಕೆ ತನ್ನಷ್ಟೇ ತೂಕದ, ಬ್ರೇಕ್ ಇಲ್ಲದ ಟ್ರೇಲರ್ ಕಟ್ಟಿದರೆ, ಅದೇ ಬ್ರೇಕು ಇಮ್ಮಡಿ ತೂಕವನ್ನು ತಡೆಯಬೇಕಾದ್ದರಿಂದ, ಸಮನಾದ ರಸ್ತೆಯಲ್ಲೇ ಹೆಚ್ಚು ಕಡಿಮೆ 10 ಮೀಟರ್ ಬೇಕು. ಇಳುಕಲಿನಲ್ಲಿ ಇನ್ನೂ ಹೆಚ್ಚು. ವೇಗವನ್ನು 40ಕ್ಕೆ ಏರಿಸಿದರೆ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟು: 10 ಇದ್ದದ್ದು 40 ಮೀಟರ್ ಆಗುತ್ತದೆ. ಇದು ಬ್ರೇಕ್ ಹಿಡಿದ ಮೇಲಿನ ದೂರ ಮಾತ್ರ. ಅಡ್ಡ ಬಂದದ್ದನ್ನು ಕಂಡು ಕಾಲು ಪೆಡಲಿಗೆ ಹೋಗುವ ಒಂದು ಸೆಕೆಂಡಿನಲ್ಲೇ ಆ ವೇಗದಲ್ಲಿ ಗಾಡಿ ಇನ್ನೂ 11 ಮೀಟರ್ ಓಡಿರುತ್ತದೆ. ಶಾಲೆಯ ಹುಡುಗನಿಗೆ, ದನಕ್ಕೆ ಆ 50 ಮೀಟರಿನ ಲೆಕ್ಕ ಗೊತ್ತಿರುವುದಿಲ್ಲ.

ಇಳುಕಲಿನ ಲೆಕ್ಕವೂ ಇದೆ. 20 ಮೀಟರಿಗೆ ಒಂದು ಮೀಟರ್ ಇಳಿಯುವ ರಸ್ತೆಯಲ್ಲಿ, ಎರಡು ಟನ್ನಿನ ಟ್ರೇಲರ್ ನಿಮ್ಮ ಗಾಡಿಯನ್ನು ಹಿಂದಿನಿಂದ 100 ಕಿಲೋ ಬಲದಿಂದ ತಳ್ಳುತ್ತಿರುತ್ತದೆ. 10 ಮೀಟರಿಗೆ ಒಂದು ಮೀಟರ್ ಇಳಿದರೆ 200 ಕಿಲೋ. ನಿಲ್ಲದೆ, ದಣಿಯದೆ ತಳ್ಳುತ್ತದೆ. ಬೆಳಗಾವಿಗಿಂತ ಖಾನಾಪುರ ಸುಮಾರು ನೂರು ಮೀಟರ್ ತಗ್ಗಿನಲ್ಲಿದೆ ಎಂಬುದನ್ನು ನೆನಪಿಡಿ. ಯಂತ್ರ ತರಲು ಹೋಗುವಾಗ ಖಾಲಿ ಟ್ರೇಲರ್ ಏರುತ್ತದೆ, ತರುವಾಗ ತುಂಬಿದ ಟ್ರೇಲರ್ ಇಳಿಯುತ್ತದೆ.

ಆದ್ದರಿಂದ ಒಂದು ನಿಯಮ ಇಟ್ಟುಕೊಳ್ಳಿ. ಟ್ರೇಲರಿಗೆ ಬ್ರೇಕ್ ಇಲ್ಲದಿದ್ದರೆ, ಟ್ರೇಲರ್ ಮತ್ತು ಹೇರಿನ ಒಟ್ಟು ತೂಕ ಟ್ರ್ಯಾಕ್ಟರಿನ ತೂಕವನ್ನು ಎಂದೂ ಮೀರಬಾರದು. ಜೀಪು, ಪಿಕಪ್ ಇವುಗಳಿಗೆ ಇನ್ನೂ ಬಿಗಿ ಬೇಕು. ಯುರೋಪಿನ ದೇಶಗಳಲ್ಲಿ ಕಾರು, ಜೀಪಿನ ಹಿಂದೆ ಬ್ರೇಕ್ ಇಲ್ಲದ ಟ್ರೇಲರಿಗೆ ಹೇರು ಸಹಿತ 750 ಕಿಲೋ ಮಿತಿ. ಅದೂ ಎಳೆಯುವ ಗಾಡಿಯ ತೂಕದ ಅರ್ಧ ಮೀರುವಂತಿಲ್ಲ. ಅಷ್ಟು ಒಳ್ಳೆಯ ರಸ್ತೆಗಳಿರುವ ದೇಶದಲ್ಲಿ ಅಷ್ಟು ಎಚ್ಚರಿಕೆ ಇದ್ದರೆ, ನಮ್ಮ ಕೆಸರು ಗುಂಡಿಗಳಿಗೆ ಎಷ್ಟು ಬೇಕು?

ಇನ್ನೊಂದು ಮಾತು. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಸಣ್ಣ ಸರಕು ವಾಹನಗಳು ಹಳ್ಳಿ ಹಳ್ಳಿಗೂ ಬಂದವು. ಮೊದಲ ಏಸ್ ಹೊರುವ ತೂಕ 750 ಕಿಲೋ ಎಂದು ಕಂಪನಿಯೇ ಹೇಳಿತ್ತು. ಅದು ಹೊರುವ ತೂಕ, ಎಳೆಯುವ ತೂಕವಲ್ಲ. ಬಂಪರಿಗೆ ಒಂದು ಕೊಕ್ಕೆ ಬೆಸುಗೆ ಹಾಕಿಸಿದ ಮಾತ್ರಕ್ಕೆ ಅದು ಎಳೆಯುವ ಗಾಡಿ ಆಗುವುದಿಲ್ಲ. ನಿಮ್ಮ ಗಾಡಿಯ ಪುಸ್ತಕದಲ್ಲಿ ಎಳೆಯುವ ತೂಕ ಬರೆದಿಲ್ಲವೆಂದರೆ ಅದಕ್ಕೆ ಟ್ರೇಲರ್ ಕಟ್ಟಬೇಡಿ.

3. ಮುಂಭಾರ, ಹಿಂಭಾರ

ಇದನ್ನು ನಾನು ನಿಮಗೆ ಕಲಿಸಬೇಕಿಲ್ಲ. ಚಕ್ಕಡಿ ಹೂಡಿದ ಪ್ರತಿಯೊಬ್ಬರಿಗೂ ಗೊತ್ತು. ಹೇರು ಮುಂದೆ ಹೆಚ್ಚಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಹಿಂದೆ ಹೆಚ್ಚಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಹಿರಿಯರು ಹುಲ್ಲು ಹೇರುವಾಗ ನೊಗವನ್ನು ಕೈಯಲ್ಲಿ ಎತ್ತಿ ನೋಡಿ, ತುಸು ಮುಂಭಾರ ಇದೆ ಎಂದ ಮೇಲೆಯೇ ಎತ್ತು ಕಟ್ಟುತ್ತಿದ್ದರು. ಎರಡು ಗಾಲಿಯ ಟ್ರೇಲರಿಗೂ ಇದೇ ಶಾಸ್ತ್ರ. ಎತ್ತು ಹೋಗಿ ಎಂಜಿನ್ ಬಂದಾಗ ನಾವು ಶಾಸ್ತ್ರವನ್ನೂ ಬಿಟ್ಟುಬಿಟ್ಟೆವು. ಎತ್ತು ನರಳುತ್ತಿತ್ತು, ಎಂಜಿನ್ ನರಳುವುದಿಲ್ಲ. ಅಷ್ಟೇ ವ್ಯತ್ಯಾಸ.

ಯಂತ್ರದ ಭಾರವಾದ ಭಾಗ ಅಚ್ಚಿನ ಮೇಲೆ, ಅದಕ್ಕಿಂತ ತುಸು ಮುಂದೆ ಬರಬೇಕು. ಜೀಪು, ಪಿಕಪ್ ಎಳೆಯುವ ಸಣ್ಣ ಟ್ರೇಲರಿನಲ್ಲಿ ಒಟ್ಟು ತೂಕದ ನೂರಕ್ಕೆ 10ರಿಂದ 15 ಭಾಗ ಕೊಕ್ಕೆಯ ಮೇಲೆ ಇರಬೇಕು. ಒಟ್ಟು 600 ಕಿಲೋ ಇದ್ದರೆ 60ರಿಂದ 90 ಕಿಲೋ. ಹಿಂಭಾರವಾದರೆ ವೇಗ ಏರಿದಂತೆ ಟ್ರೇಲರ್ ಬಾಲ ಬೀಸತೊಡಗುತ್ತದೆ. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಪ್ರತಿ ಸಲವೂ ಮೊದಲಿಗಿಂತ ಹೆಚ್ಚು. ಹಾಗಾದಾಗ ಗಾಬರಿಯಿಂದ ಬ್ರೇಕ್ ಒತ್ತಬೇಡಿ, ಸ್ಟೀರಿಂಗ್ ತಿರುಗಿಸಿ ಸರಿಮಾಡಲೂ ಹೋಗಬೇಡಿ. ಸ್ಟೀರಿಂಗ್ ನೆಟ್ಟಗೆ ಹಿಡಿದು, ಎಕ್ಸಲೇಟರಿನಿಂದ ಕಾಲು ತೆಗೆದು, ಗಾಡಿ ತಾನಾಗಿ ನಿಧಾನವಾಗಲು ಬಿಡಿ. ಆಮೇಲೆ ಬದಿಗೆ ನಿಲ್ಲಿಸಿ ಹೇರನ್ನು ಮುಂದಕ್ಕೆ ಸರಿಸಿ.

ಮುಂಭಾರ ಅತಿಯಾದರೂ ಕೆಡುಕೇ. ಟ್ರ್ಯಾಕ್ಟರಿನ ಹಿಂಭಾಗ ಕುಸಿದು ಮುಂದಿನ ಗಾಲಿಗಳು ಹಗುರವಾಗುತ್ತವೆ. ಸ್ಟೀರಿಂಗ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ.

ಎತ್ತರದ ಯಂತ್ರವನ್ನು ಸಾಧ್ಯವಾದರೆ ಬಿಚ್ಚಿ ತನ್ನಿ. ಮೇವು ಕತ್ತರಿಸುವ ಯಂತ್ರದ ಗಾಲಿ ಮತ್ತು ಅಲಗುಗಳನ್ನು ತೆಗೆದು, ಅಲಗುಗಳನ್ನು ಗೋಣಿಯಲ್ಲಿ ಸುತ್ತಿ, ಪ್ರತ್ಯೇಕವಾಗಿ ಕೆಳಗೆ ಇಟ್ಟರೆ ಯಂತ್ರದ ಅರ್ಧ ಅಪಾಯ ಹೋಯಿತು. ಬಿಚ್ಚಲು ಬಾರದಿದ್ದರೆ ಗಾಲಿ ತಿರುಗದಂತೆ ಕಟ್ಟಿಹಾಕಿ.

4. ಕೊಕ್ಕೆ, ಕೀಲು, ಸರಪಳಿ

ಕಡಾಣಿ ಬಿದ್ದ ಚಕ್ಕಡಿಯ ಗತಿ ಏನಾಗುತ್ತದೆಂದು ನಿಮಗೆ ಗೊತ್ತು. ಟ್ರೇಲರಿನ ಪಿನ್ನೂ ಹಾಗೆಯೇ. ಸವೆದ ಪಿನ್ನಿನ ಬದಲು ಕೈಗೆ ಸಿಕ್ಕ ಬೋಲ್ಟು, ಸರಳಿನ ತುಂಡು ಹಾಕುವುದನ್ನು ನಾನು ದಿನವೂ ನೋಡುತ್ತೇನೆ. ಅದು ಹೊಲದಲ್ಲಿ ತಡೆದೀತು, ಗುಂಡಿಯಲ್ಲಿ ಮುರಿಯುತ್ತದೆ. ಸರಿಯಾದ ದಪ್ಪದ ಪಿನ್ನು, ಅದು ಮೇಲೆ ಹಾರದಂತೆ ಕೆಳಗೆ ಕ್ಲಿಪ್ಪು, ಇವೆರಡೂ ಇರಲಿ.

ಇದರ ಜೊತೆಗೆ ಒಂದು ಸುರಕ್ಷಾ ಸರಪಳಿ. ಟ್ರೇಲರಿನ ಮೂಕಿಯ ಕೆಳಗೆ ಎರಡು ಸರಪಳಿಗಳನ್ನು ಕತ್ತರಿ ಆಕಾರದಲ್ಲಿ ಹಾಯಿಸಿ ಗಾಡಿಯ ಚಾಸಿಗೆ ಕಟ್ಟಿ. ಪಿನ್ನು ಮುರಿದರೂ ಮೂಕಿ ನೆಲಕ್ಕೆ ನಾಟದೆ ಸರಪಳಿಯ ಮೇಲೆ ಕೂರುತ್ತದೆ. ತಿರುವಿಗೆ ಬೇಕಾದಷ್ಟು ಸಡಿಲ ಇರಲಿ, ನೆಲಕ್ಕೆ ತಾಗುವಷ್ಟು ಬೇಡ.

ಟ್ರ್ಯಾಕ್ಟರಿನಲ್ಲಿ ಎಳೆಯುವ ಭಾರವನ್ನು ಯಾವಾಗಲೂ ಕೆಳಗಿನ ಎಳೆಪಟ್ಟಿಗೇ ಕಟ್ಟಬೇಕು. ಮೇಲಿನ ಲಿಂಕಿಗೆ, ಅಚ್ಚಿಗಿಂತ ಎತ್ತರದಲ್ಲಿ ಎಲ್ಲಿಯೇ ಆಗಲಿ ಸರಪಳಿ ಹಾಕಿ ಎಳೆದರೆ ಟ್ರ್ಯಾಕ್ಟರಿನ ಮೂಗು ಮೇಲೆದ್ದು ಹಿಂದಕ್ಕೆ ಮಗುಚುತ್ತದೆ. ಕ್ಲಚ್ ಒತ್ತಬೇಕೆಂದು ಯೋಚಿಸುವ ಮೊದಲೇ ಮುಗಿದಿರುತ್ತದೆ. ಕೆಸರಿನಲ್ಲಿ ಹುಗಿದ ಟ್ರೇಲರನ್ನು ಎಳೆಯುವಾಗ ಈ ತಪ್ಪು ಹೆಚ್ಚು. ಅಂಥಲ್ಲಿ ಹೇರು ಇಳಿಸಿ, ಮಣ್ಣು ತೋಡಿ, ಆಮೇಲೆ ಎಳೆಯಿರಿ.

5. ಕಟ್ಟುವುದು

ನನ್ನ ತಮ್ಮನ ಕಾಲಿನ ಪಾಠ ಇದು. ಯಂತ್ರವನ್ನು ಹಿಡಿದುಕೊಳ್ಳಲು ಒಬ್ಬ ಮನುಷ್ಯ ಬೇಕೆಂದರೆ ಆ ಯಂತ್ರವನ್ನು ಕಟ್ಟಿಲ್ಲವೆಂದೇ ಅರ್ಥ. ಯುರೋಪಿನಲ್ಲಿ ಹೇರು ಕಟ್ಟಲು ಒಂದು ಅಳತೆ ಇಟ್ಟಿದ್ದಾರೆ. ಮುಂದಕ್ಕೆ ಜಾರದಂತೆ ಹೇರಿನ ತೂಕದ ನೂರಕ್ಕೆ 80 ಭಾಗವನ್ನು, ಪಕ್ಕಕ್ಕೆ ಮತ್ತು ಹಿಂದಕ್ಕೆ 50 ಭಾಗವನ್ನು ಕಟ್ಟು ತಡೆಯಬೇಕು. ಎರಡು ಕ್ವಿಂಟಲ್ ಯಂತ್ರಕ್ಕೆ 160 ಕಿಲೋ. ಅದನ್ನು ತಡೆಯಲು ನಾನು ಒಬ್ಬ ಹುಡುಗನನ್ನು ಕೂಡಿಸಿದ್ದೆ.

ನಾಲ್ಕು ಮೂಲೆಗೂ ನಾಲ್ಕು ಕಟ್ಟು. ಎರಡು ಮುಂದಕ್ಕೆ, ಎರಡು ಹಿಂದಕ್ಕೆ ಎಳೆದು ಬಿಗಿಯಬೇಕು. ನಡುವೆ ಒಂದೇ ಹಗ್ಗ ಸುತ್ತಿದರೆ ಸಾಲದು. ಸರಪಳಿ ಅಥವಾ ಬಿಗಿಯುವ ಬಕಲ್ ಇರುವ ಅಗಲ ಪಟ್ಟಿ ಉತ್ತಮ. ನೈಲಾನ್ ಹಗ್ಗ ಹಿಗ್ಗುತ್ತದೆ, ನೆನೆದರೆ ಗಂಟು ಜಾರುತ್ತದೆ. ಕಬ್ಬಿಣದ ಅಂಚು ಹಗ್ಗವನ್ನು ಕೊಯ್ಯುವಲ್ಲಿ ಮಡಚಿದ ಗೋಣಿ ಇಡಿ. ಯಂತ್ರದ ಬುಡದ ಸುತ್ತ ಕಟ್ಟಿಗೆಯ ತುಂಡುಗಳನ್ನು ಟ್ರೇಲರಿನ ಹಲಗೆಗೆ ಮೊಳೆ ಹೊಡೆದು ನಿಲ್ಲಿಸಿ. ಎಣ್ಣೆ ಚೆಲ್ಲಿದ ತಗಡಿನ ಮೇಲೆ ಕಬ್ಬಿಣ ಇಟ್ಟರೆ ಮಂಜುಗಡ್ಡೆಯ ಮೇಲೆ ಇಟ್ಟಂತೆ. ಕೆಳಗೆ ಹಳೆಯ ರಬ್ಬರ್ ಹಾಳೆ ಹಾಸಿ.

ಹೊರಟ ಮೇಲೆ ಎರಡು ಮೂರು ಕಿಲೋಮೀಟರಿಗೆ ಒಮ್ಮೆ ನಿಲ್ಲಿಸಿ ಎಲ್ಲ ಕಟ್ಟುಗಳನ್ನೂ ಮತ್ತೆ ಬಿಗಿಯಿರಿ. ಮೊದಲ ಕುಲುಕಾಟದಲ್ಲಿಯೇ ಕಟ್ಟು ಸಡಿಲವಾಗುವುದು. ಉದ್ಯಮಬಾಗದಿಂದ ಹೊರಟವರು ಪೀರನವಾಡಿಯ ಗದ್ದಲ ದಾಟಿದ ಮೇಲೆ, ಅಗಲವಾದ ಜಾಗ ನೋಡಿ, ಒಮ್ಮೆ ಇಳಿಯುವ ರೂಢಿ ಮಾಡಿಕೊಳ್ಳಿ.

6. ಏರಿಸುವಾಗ, ಇಳಿಸುವಾಗ

ಗಾಡಿಯಿಂದ ಬಿಡಿಸಿದ ಟ್ರೇಲರಿಗೆ ಹಿಂದಿನಿಂದ ಭಾರ ಏರಿಸಬೇಡಿ. ಭಾರ ಹಿಂದಿನ ಅಂಚಿಗೆ ಬಂದ ಕೂಡಲೆ ಮೂಕಿ ಮೇಲೆ ಹಾರುತ್ತದೆ. ಮುಂದೆ ನಿಂತವನ ಗದ್ದವೋ, ಹಿಂದೆ ನಿಂತವನ ಕಾಲೋ ಹೋಯಿತೆಂದೇ ತಿಳಿಯಿರಿ. ಟ್ರೇಲರ್ ಗಾಡಿಗೆ ಜೋಡಿಸಿರಲಿ, ಹ್ಯಾಂಡ್ ಬ್ರೇಕ್ ಹಾಕಿರಲಿ, ಗಾಲಿಗೆ ಒಟ್ಟುಗಲ್ಲು ಇರಲಿ, ಹಿಂದಿನ ಅಂಚಿನ ಕೆಳಗೆ ಗಟ್ಟಿ ದಿಮ್ಮಿ ಇರಲಿ. ಉದ್ದನೆಯ ಹಲಗೆಗಳನ್ನು ಇಳಿಜಾರಾಗಿ ಇಟ್ಟು, ಯಂತ್ರಕ್ಕೆ ಹಿಂದಿನಿಂದ ಹಗ್ಗ ಕಟ್ಟಿ, ಸಡಿಲಿಸುತ್ತ ಇಳಿಸಿ. ಇಳಿಯುತ್ತಿರುವ ಯಂತ್ರದ ಕೆಳಬದಿಯಲ್ಲಿ ಯಾರೂ ನಿಲ್ಲಬಾರದು. "ಕೈ ಕೊಡು" ಎಂದು ಹತ್ತು ಜನ ಸೇರಿದಾಗ ಹತ್ತು ಜನ ಹತ್ತು ಮಾತು ಹೇಳುತ್ತಾರೆ. ಒಬ್ಬನೇ ಹೇಳಲಿ, ಉಳಿದವರು ಕೇಳಲಿ.

7. ದಾರಿಯಲ್ಲಿ

ಟ್ರ್ಯಾಕ್ಟರಿನ ಎರಡು ಬ್ರೇಕ್ ಪೆಡಲುಗಳು ಹೊಲದಲ್ಲಿ ತಿರುಗಲು ಅನುಕೂಲವಾಗಲೆಂದು ಬೇರೆ ಬೇರೆ ಇವೆ. ರಸ್ತೆಗೆ ಬಂದಾಗ ಎರಡನ್ನೂ ಸೇರಿಸುವ ಚಿಲಕ ಹಾಕಲೇಬೇಕು. ಹಾಕದೆ ಒಂದೇ ಪೆಡಲ್ ಒತ್ತಿದರೆ ಒಂದು ಗಾಲಿ ಮಾತ್ರ ನಿಂತು, ಹಿಂದಿನ ಟ್ರೇಲರ್ ಟ್ರ್ಯಾಕ್ಟರನ್ನು ಅಡ್ಡಕ್ಕೆ ತಿರುಗಿಸಿ ಮಗುಚುತ್ತದೆ. ನನ್ನ ಕೈಗೆ ಬರುವ ಟ್ರ್ಯಾಕ್ಟರುಗಳಲ್ಲಿ ಈ ಚಿಲಕ ತುಕ್ಕು ಹಿಡಿದು ಕೂತಿರುವುದೇ ಹೆಚ್ಚು. ಇವತ್ತು ಮನೆಗೆ ಹೋದ ಕೂಡಲೆ ಅದನ್ನೊಮ್ಮೆ ನೋಡಿ. ಎರಡೂ ಬದಿಯ ಬ್ರೇಕು ಸಮನಾಗಿ ಹಿಡಿಯುತ್ತವೆಯೇ ಎಂದೂ ನೋಡಿಸಿ.

ಇಳುಕಲು ಶುರುವಾಗುವ ಮೊದಲೇ ಸಣ್ಣ ಗೇರಿಗೆ ಬನ್ನಿ. ಯಾವ ಗೇರಿನಲ್ಲಿ ಆ ದಿಬ್ಬ ಏರಬಹುದೋ ಅದೇ ಗೇರಿನಲ್ಲಿ ಇಳಿಯಬೇಕು. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವುದು, ಕ್ಲಚ್ ಒತ್ತಿ ಹಿಡಿಯುವುದು, ಇವು ಜೀವ ಕೊಟ್ಟು ಒಂದು ಚಮಚ ಎಣ್ಣೆ ಕೊಂಡಂತೆ. ಹಿಂದೆ ಇಳುಕಲಿನಲ್ಲಿ ಚಕ್ಕಡಿಯ ಗಾಲಿಗೆ ತಡೆ ಕಟ್ಟುತ್ತಿದ್ದರಲ್ಲ, ಸಣ್ಣ ಗೇರು ಅಂದರೆ ಅದೇ ತಡೆ. ಬ್ರೇಕನ್ನು ತಿರುವಿಗೆ ಮೊದಲು, ಗಾಡಿ ನೆಟ್ಟಗಿರುವಾಗ ಹಿಡಿಯಿರಿ. ತಿರುವಿನ ಒಳಗೆ ಹಿಡಿದರೆ ಟ್ರೇಲರ್ ಗಾಡಿಯನ್ನು ಮಡಚಿ ಹಾಕುತ್ತದೆ. ಗಂಟೆಗೆ 20 ಕಿಲೋಮೀಟರ್ ವೇಗ ನಾಚಿಕೆಯ ವಿಷಯವಲ್ಲ.

ಬೆಳಗಾವಿ–ಖಾನಾಪುರ ರಸ್ತೆ ಹಿಂದೆ ರಾಷ್ಟ್ರೀಯ ಹೆದ್ದಾರಿ 4ಎ ಆಗಿತ್ತು, ಈಗ 748. ಗೋವಾ ಕಡೆಯ ಭಾರಿ ವಾಹನಗಳು ವೇಗವಾಗಿ ಬರುತ್ತವೆ. ಅವರ ಕಣ್ಣಿಗೆ ನೀವು ದೂರದಿಂದಲೇ ಕಾಣಬೇಕು. ಟ್ರೇಲರಿನ ಹಿಂದೆ ಕೆಂಪು ಪ್ರತಿಫಲಕ ಪಟ್ಟಿ, ಕೆಲಸ ಮಾಡುವ ದೀಪ ಎರಡೂ ಇರಲಿ. ಕಬ್ಬಿನ ಹಂಗಾಮಿನಲ್ಲಿ ದೀಪವಿಲ್ಲದೆ ನಿಂತ ಟ್ರೇಲರಿಗೆ ಮೋಟಾರು ಸೈಕಲ್ಲಿನವರು ಬಂದು ಬಡಿಯುವ ಸುದ್ದಿ ನಮಗೆ ಹೊಸದಲ್ಲ. ಯಂತ್ರ ಸಾಗಿಸುವ ಕೆಲಸವನ್ನು ಹಗಲಿನಲ್ಲೇ ಮುಗಿಸಿ. ಜಾಂಬೋಟಿ, ಕಣಕುಂಬಿ ಕಡೆಯವರು ಮಳೆಗಾಲದ ಮಂಜಿನಲ್ಲಿ ಇದನ್ನು ಮಾಡಲೇಬೇಡಿ. ಬೇಸಿಗೆಯಲ್ಲೇ ತಂದಿಟ್ಟುಕೊಳ್ಳಿ.

ಗಾಡಿ ಕೆಟ್ಟು ನಿಂತರೆ ಗಾಲಿಗೆ ಕಲ್ಲು ಇಡುತ್ತೇವೆ, ಹಿಂದೆ ಗಿಡದ ಟೊಂಗೆ, ಕಲ್ಲು ಸಾಲಾಗಿ ಇಡುತ್ತೇವೆ. ಹೋಗುವಾಗ ಅವುಗಳನ್ನು ರಸ್ತೆಯಲ್ಲೇ ಬಿಟ್ಟು ಹೋಗುತ್ತೇವೆ. ರಾತ್ರಿ ಹಾಲಿನ ಕ್ಯಾನು ಕಟ್ಟಿಕೊಂಡು ಬರುವ ನಮ್ಮದೇ ಸದಸ್ಯ ಆ ಕಲ್ಲಿಗೆ ಬಡಿದು ಬೀಳುತ್ತಾನೆ. ದಯಮಾಡಿ ಕಲ್ಲನ್ನು ಬದಿಗೆ ಎಸೆದು ಹೊರಡಿ.

ಇನ್ನು ಜನರನ್ನು ಕೂಡಿಸುವ ಮಾತು. ಟ್ರ್ಯಾಕ್ಟರಿಗೆ ಇರುವುದು ಒಂದೇ ಆಸನ. ಮಡ್‌ಗಾರ್ಡ್ ಆಸನವಲ್ಲ, ಟ್ರೇಲರ್ ಬಸ್ಸಲ್ಲ. 2022ರ ಅಕ್ಟೋಬರ್ 1ರಂದು ಉತ್ತರ ಪ್ರದೇಶದ ಕಾನ್ಪುರ ಜಿಲ್ಲೆಯಲ್ಲಿ ದೇವಸ್ಥಾನದಿಂದ ಮರಳುತ್ತಿದ್ದವರ ಟ್ರ್ಯಾಕ್ಟರ್ ಟ್ರೇಲರ್ ಕೆರೆಗೆ ಉರುಳಿ ಇಪ್ಪತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. ಜಾತ್ರೆಗೆ ಹೊರಡುವ ನಾವೂ ಅದನ್ನು ನೆನಪಿಡಬೇಕು.

8. ಕಾಗದಪತ್ರ

ಕಾಯ್ದೆಯ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 61ನೇ ಕಲಮಿನಂತೆ ಟ್ರೇಲರಿಗೂ ನೋಂದಣಿ ಬೇಕು. ಅದರ ಸ್ವಂತ ನಂಬರು ಬದಿಯಲ್ಲಿ, ಎಳೆಯುವ ಗಾಡಿಯ ನಂಬರು ಕೊನೆಯ ಟ್ರೇಲರಿನ ಮೇಲೆ ಇರಬೇಕು. ಮಿತಿಗಿಂತ ಹೆಚ್ಚು ತೂಕ ಹೇರಿದರೆ 2019ರ ತಿದ್ದುಪಡಿಯ ನಂತರ 194ನೇ ಕಲಮಿನಲ್ಲಿ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ ದಂಡವಿದೆ. ಲಾರಿ ಬಾಡಿಗೆ ಉಳಿಸಲು ಹೋದವರು ಈ ಲೆಕ್ಕವನ್ನೂ ಹಾಕಿ ನೋಡಿ.

ಟ್ರ್ಯಾಕ್ಟರ್ ನಡೆಸುವ ಸರಿಯಾದ ಲೈಸೆನ್ಸ್ ಇದ್ದವನು, ಟ್ರೇಲರ್ ಕಟ್ಟಿದ ಮಾತ್ರಕ್ಕೆ ಲೈಸೆನ್ಸ್ ಇಲ್ಲದವನಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2001ರಲ್ಲಿ ಹೇಳಿದೆ. ಆದರೆ ವಿಮೆಯ ಮಾತು ಬೇರೆ. ನಿಮ್ಮ ಪಾಲಿಸಿಯಲ್ಲಿ ಟ್ರೇಲರಿನ ನಂಬರು ಸೇರಿದೆಯೇ ಎಂದು ತೆರೆದು ನೋಡಿ. ಸರಕು ವಾಹನದಲ್ಲಿ ಪುಕ್ಕಟೆ ಕೂತು ಹೋಗುವ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು 2002ರಲ್ಲಿ ಅದೇ ಕೋರ್ಟು ತೀರ್ಪು ಕೊಟ್ಟಿದೆ. ಅಂದರೆ "ಹಿಡಿದುಕೊಂಡು ಕೂಡು" ಎಂದು ನೀವು ಕರೆದು ಕೂಡಿಸಿದ ನೆರೆಮನೆಯ ಹುಡುಗನಿಗೆ ಏನಾದರೂ ಆದರೆ, ಪರಿಹಾರದ ಹೊರೆ ನಿಮ್ಮ ಹೊಲ, ನಿಮ್ಮ ದನಗಳ ಮೇಲೆಯೇ ಬರಬಹುದು.

9. ಸಂಘಗಳಿಗೆ ಒಂದು ವಿನಂತಿ

ಕಾರ್ಯದರ್ಶಿಗಳಿಗೆ ನನ್ನದೊಂದು ಕೈಮುಗಿದ ವಿನಂತಿ. ಜನರೇಟರ್, ಕೂಲರ್ ಖರೀದಿಗೆ ದರಪಟ್ಟಿ ಕೇಳುವಾಗಲೇ "ಸಂಘದ ಬಾಗಿಲಿಗೆ ತಲುಪಿಸಿ, ಇಳಿಸಿ, ಕೂರಿಸಿ ಕೊಡುವ ದರ" ಎಂದು ಬರೆಯಿರಿ. ಹಾಗೆ ಬರೆದರೆ ಸಾಗಣೆಯ ಹೊಣೆ, ಸಾಗಣೆಯ ವಿಮೆ ಎರಡೂ ಮಾರುವವರ ಮೇಲೆ ಬೀಳುತ್ತವೆ. ಅಂಗಡಿಯ ಬಾಗಿಲಲ್ಲಿ ಕೊಡುವ ದರ ಕಡಿಮೆ ಕಾಣುತ್ತದೆ. ಉಳಿದ ದಾರಿಯ ದರವನ್ನು ಯಾರು ಕೊಡುತ್ತಾರೆಂದು ಆಡಳಿತ ಮಂಡಳಿಯ ಸಭೆಯಲ್ಲಿ ಒಮ್ಮೆ ಚರ್ಚಿಸಿ. ನಾಲ್ಕು ಸಂಘಗಳು ಸೇರಿ ಒಂದೇ ದಿನ ಒಂದೇ ಲಾರಿ ಗೊತ್ತು ಮಾಡಿದರೆ ಬಾಡಿಗೆ ನಾಲ್ಕು ಪಾಲಾಗುತ್ತದೆ. ಸಹಕಾರ ಎಂದರೆ ಹಾಲು ಕೂಡಿಸುವುದು ಮಾತ್ರವಲ್ಲ, ಭಾರ ಹಂಚಿಕೊಳ್ಳುವುದೂ ಹೌದು.

ಟ್ರೇಲರಿನಲ್ಲಿ ತರಬಾರದೆಂದು ನಾನು ಹೇಳುತ್ತಿಲ್ಲ. ತೂಕ ಗೊತ್ತಿದ್ದು, ಗಾಡಿ ತಕ್ಕದ್ದಾಗಿದ್ದು, ಹಗಲಿನಲ್ಲಿ, ನಿಧಾನವಾಗಿ ತಂದರೆ ಖಂಡಿತ ತರಬಹುದು. ಹೊರಡುವ ಮೊದಲು ಈ ಏಳು ಪ್ರಶ್ನೆಗಳನ್ನು ಕೇಳಿಕೊಳ್ಳಿ:

ಒಟ್ಟು ತೂಕ ಎಷ್ಟು? ನನ್ನ ಗಾಡಿಯ ತೂಕ ಎಷ್ಟು?
ಬ್ರೇಕುಗಳು ಸಮನಾಗಿ ಹಿಡಿಯುತ್ತವೆಯೇ, ಚಿಲಕ ಹಾಕಿದೆಯೇ?
ಹೇರು ತುಸು ಮುಂಭಾರ ಇದೆಯೇ?
ಪಿನ್ನು, ಕ್ಲಿಪ್ಪು, ಸರಪಳಿ ಸರಿ ಇವೆಯೇ?
ನಾಲ್ಕು ಮೂಲೆ ಕಟ್ಟಿದೆಯೇ?
ಟೈರಿನ ಗಾಳಿ, ಹಿಂದಿನ ದೀಪ ನೋಡಿದೆನೇ?
ಟ್ರೇಲರಿನಲ್ಲಿ ಯಾರೂ ಕೂತಿಲ್ಲವಷ್ಟೆ?

ಒಂದಕ್ಕೆ "ಇಲ್ಲ" ಎಂದು ಉತ್ತರ ಬಂದರೂ ಆ ದಿನ ಹೊರಡಬೇಡಿ. ಯಂತ್ರ ಒಂದು ದಿನ ತಡವಾಗಿ ಬಂದರೆ ಒಂದು ದಿನ ಕೈಯಿಂದ ಮೇವು ಕತ್ತರಿಸಿದರಾಯಿತು.

ನನ್ನ ತಮ್ಮ ಈಗಲೂ ದಿನಾ ಬೆಳಿಗ್ಗೆ ಕೊಟ್ಟಿಗೆಗೆ ಬರುತ್ತಾನೆ. ನಿಂತೇ ಮೇವು ಹಾಕುತ್ತಾನೆ, ಮೈ ತೊಳೆಯುತ್ತಾನೆ. ಹಾಲು ಕರೆಯುವ ಹೊತ್ತಿಗೆ ಬಕೆಟ್ಟನ್ನು ನನ್ನ ಕೈಗೆ ಕೊಟ್ಟು ಬದಿಗೆ ಸರಿಯುತ್ತಾನೆ. ಅವನು ಒಂದು ದಿನವೂ ನನ್ನನ್ನು ಬೈದಿಲ್ಲ. ನಿಮ್ಮ ಮನೆಯಲ್ಲಿ ಯಾರೂ ಹಾಗೆ ಬಕೆಟ್ಟು ಕೊಟ್ಟು ಸರಿದು ನಿಲ್ಲುವಂತಾಗಬಾರದು ಎಂಬುದಕ್ಕಾಗಿ ಇಷ್ಟು ಹೊತ್ತು ನಿಮ್ಮ ಸಮಯ ತೆಗೆದುಕೊಂಡೆ.